ಅಜ್ಜನಿಗೂ ಹತ್ತನೇ ಕ್ಲಾಸಿನ ಹುಡುಗನಿಗೂ ಒಂದೇ ಪಾಠ ಆಗುತ್ತಾ?

ಪ್ರಶ್ನೆ (ಗ್ರಾಮ ಪಂಚಾಯಿತಿ ಅರಿವು ಕೇಂದ್ರದ ಮೇಲ್ವಿಚಾರಕಿ, ಹಾವೇರಿ ಜಿಲ್ಲೆ):
ಸರ್, ನಮಸ್ಕಾರ. ನಮ್ಮ ಅರಿವು ಕೇಂದ್ರದಲ್ಲಿ (ಊರಿನ ಗ್ರಂಥಾಲಯ) ಶನಿವಾರ ಮಧ್ಯಾಹ್ನ ಸುಳ್ಳು ಸುದ್ದಿ ಬಗ್ಗೆ ಒಂದು ಗಂಟೆ ಪಾಠ ಶುರು ಮಾಡಿದ್ದೇನೆ. ಹೈಸ್ಕೂಲಿನ ಹದಿನೈದು ಮಕ್ಕಳು, ದಿನಾ ಪೇಪರ್ ಓದಲು ಬರುವ ಏಳೆಂಟು ಹಿರಿಯರು. ಮೊದಲ ವಾರ ಹತ್ತು ಫಾರ್ವರ್ಡ್ ತೋರಿಸಿ "ಇವೆಲ್ಲ ಸುಳ್ಳು, ನಂಬಬೇಡಿ" ಅಂದೆ. ಅದರಲ್ಲಿ ಒಂದನ್ನು ಊರಿನ ಗ್ರೂಪಿಗೆ ಹಾಕಿದ್ದವರು ಅಲ್ಲೇ ಕೂತಿದ್ದ ಒಬ್ಬ ಅಜ್ಜ. ಮಕ್ಕಳು ನಕ್ಕುಬಿಟ್ಟರು. ಅಜ್ಜ ಎದ್ದು ಹೋದವರು ಈಗ ಪೇಪರ್ ಓದಲೂ ಬರುತ್ತಿಲ್ಲ. ಮಕ್ಕಳಿಗೆ, ಹಿರಿಯರಿಗೆ ಬೇರೆ ಬೇರೆ ಕ್ಲಾಸ್ ಮಾಡಿಬಿಡಲಾ?

ಉತ್ತರ (ತರಬೇತುದಾರ, ಮೊದಲು ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದವರು):
ಮೇಡಂ, ಮೊದಲು ಅಜ್ಜನ ಮನೆಗೆ ಹೋಗಿ ಬನ್ನಿ. ಕ್ಷಮೆ ಕೇಳುವುದು ಒಂದು, ಸಹಾಯ ಕೇಳುವುದು ಇನ್ನೊಂದು. ಎರಡನೆಯದನ್ನು ಮಾಡಿ. "ಪಾಠಕ್ಕೆ ಫಾರ್ವರ್ಡ್ ಬೇಕು, ನಿಮ್ಮ ಫೋನಿಗೆ ಬಂದದ್ದು ಕೊಡ್ತೀರಾ" ಅಂತ ಕೇಳಿ. ನಾನೂ ಶುರುವಿನಲ್ಲಿ ಇದೇ ತಪ್ಪು ಮಾಡಿದವನು. ನಾಲ್ಕು ಜನರ ಮುಂದೆ ತಪ್ಪು ಎತ್ತಿ ತೋರಿಸಿದರೆ ವಯಸ್ಸಾದವರು ತಿದ್ದಿಕೊಳ್ಳುವುದಿಲ್ಲ, ಸುಮ್ನೆ ದೂರ ಸರಿಯುತ್ತಾರೆ. ಫಾರ್ವರ್ಡ್ ಮಾಡುವುದನ್ನೇನೂ ನಿಲ್ಲಿಸುವುದಿಲ್ಲ.

ಬೇರೆ ಬೇರೆ ಕ್ಲಾಸ್ ಬೇಡ. ಮಕ್ಕಳ ಬೆರಳು ಚುರುಕು, ನಿಜ. ಆದರೆ ಹಾವೇರಿ ದನದ ಸಂತೆಯಲ್ಲಿ ಎತ್ತಿನ ವ್ಯಾಪಾರ ಮಾಡಿದವರಿಗೆ "ನಾಳೆ ಬಂದ್ರೆ ಈ ರೇಟ್ ಸಿಗಲ್ಲ" ಅನ್ನುವ ಮಾತಿನ ವಾಸನೆ ಗೊತ್ತು. ಇನ್‌ಸ್ಟಾಗ್ರಾಂನಲ್ಲಿ "ಮೊದಲ ನೂರು ಜನರಿಗೆ ಮಾತ್ರ ಫ್ರೀ ಫೋನ್" ಅಂತ ಬಂದರೆ ಲಿಂಕ್ ಒತ್ತುವುದು ಹುಡುಗರು. ಒಬ್ಬ ಹಿರಿಯರಿಗೆ ಇಬ್ಬರು ಮಕ್ಕಳನ್ನು ಜೊತೆ ಮಾಡಿ. ಒಂದು ಕಟ್ಟುನಿಟ್ಟಿನ ನಿಯಮ ಇರಲಿ: ಫೋನ್ ಹಿರಿಯರ ಕೈಯಲ್ಲೇ ಇರಬೇಕು. ಮಕ್ಕಳು ಬಾಯಲ್ಲಿ ಹೇಳಿಕೊಡಬೇಕು, ಕಸಿದುಕೊಂಡು ತಾವೇ ಒತ್ತಬಾರದು. (ಅದಕ್ಕೂ ಮೊದಲು ಸೆಟ್ಟಿಂಗ್ಸಿನಲ್ಲಿ ಅಕ್ಷರ ದೊಡ್ಡದು ಮಾಡಿಸಿ. ಅರ್ಧ ಜನ ಓದದೆಯೇ ಫಾರ್ವರ್ಡ್ ಮಾಡುವುದು ಕಣ್ಣಿಗೆ ಕಾಣದೆ ಅಂತ ನನ್ನ ಗುಮಾನಿ.)

ಈಗ ಪಾಠ. ಪಟ್ಟಿ ತೋರಿಸುವುದು ಬಿಡಿ, ಸುಳ್ಳು ತಯಾರಿಸಲು ಕಲಿಸಿ. ನಾನು ಮಾಡಿಸುವುದು ಹೀಗೆ. ಹೆಡ್‌ಮಾಸ್ಟರಿಂದ ಒಂದು ಮಾತು ಹೇಳಿಸಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ: "ನಾಳೆ ಶಾಲೆಗೆ ರಜೆ ಇದೆ ಅಂತ ಯಾರೂ ತಿಳ್ಕೋಬೇಡಿ." ಮಕ್ಕಳು ಫೋನಿನಲ್ಲೇ ಬಾಲ ಕತ್ತರಿಸುತ್ತಾರೆ. ಉಳಿಯುವುದು "ನಾಳೆ ಶಾಲೆಗೆ ರಜೆ ಇದೆ." ದನಿ ಅವರದೇ, ಮುಖ ಅವರದೇ, ಒಂದಕ್ಷರ ಸೇರಿಸಿಲ್ಲ! ನಮ್ಮ ಕನ್ನಡದಲ್ಲಿ ಬೇಡ, ಇಲ್ಲ, ಅಲ್ಲ ಎಲ್ಲಾ ಕೊನೆಗೆ ಬರುತ್ತದಲ್ವಾ? ಬಾಲ ಹೋದರೆ ಅರ್ಥವೇ ತಿರುಗಿ ನಿಲ್ಲುತ್ತದೆ. ಕ್ಲಾಸ್ ಮೊದಲು ಬಿದ್ದು ಬಿದ್ದು ನಗುತ್ತದೆ. ಆಮೇಲೆ ಯಾರಾದರೂ ಒಬ್ಬರು ಕೇಳುತ್ತಾರೆ, "ಹಂಗಾದ್ರೆ ಮೊನ್ನೆ ಬಂದ ಭಾಷಣಾನೂ ಹಿಂಗೇನಾ?" ನಿಮ್ಮ ಪಾಠ ಶುರುವಾಗುವುದು ಆ ಪ್ರಶ್ನೆಯಿಂದ.

ಆಗ ಮಕ್ಕಳ ಕಳ್ಳರ ವಿಡಿಯೊ ಕಥೆ ಹೇಳಿ. ಬೈಕಿನಲ್ಲಿ ಬಂದ ಇಬ್ಬರು ರಸ್ತೆಯಲ್ಲಿ ಆಡುವ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. ಅದು ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳನ್ನು ಜೋಪಾನ ಮಾಡಿ ಎಂದು ಹೇಳಲು ಒಂದು ಸಂಸ್ಥೆ ಮಾಡಿಸಿದ್ದ ನಟನೆ. ಮೂಲದಲ್ಲಿ ಅವರು ತಿರುಗಿ ಬಂದು ಮಗುವನ್ನು ಇಳಿಸಿ, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ಬಾಲವನ್ನೇ ಯಾರೋ ಕತ್ತರಿಸಿದರು. 2018ರಲ್ಲಿ ನಮ್ಮ ಕಡೆಯ ಫೋನುಗಳಲ್ಲೆಲ್ಲ ಅದೇ ಓಡಾಡಿತು. ಆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸಕ್ಕೆಂದು ಬಂದಿದ್ದ ರಾಜಸ್ಥಾನದ ಒಬ್ಬರನ್ನು ಮಕ್ಕಳ ಕಳ್ಳ ಅಂತ ಜನ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಎಂಜಿನಿಯರ್ ಹೀಗೇ ಜನರ ಹೊಡೆತಕ್ಕೆ ಸತ್ತರು. ಅವರ ಜೊತೆಯವರು ಮಕ್ಕಳಿಗೆ ಚಾಕಲೇಟ್ ಕೊಟ್ಟದ್ದೇ ನೆಪ. ಇದನ್ನು ನಿಧಾನಕ್ಕೆ ಹೇಳಿ, ಭಾಷಣ ಸೇರಿಸಬೇಡಿ. ಒಂದು ಬಾರಿ ಕ್ಲಾಸಿನಲ್ಲಿ ಒಬ್ಬ ಅಜ್ಜಿ "ಆ ವಿಡಿಯೊ ನಾನೂ ಕಳ್ಸಿದ್ದೆ" ಅಂದು ಸುಮ್ಮನಾದರು. ಅವತ್ತು ಯಾರೂ ನಗಲಿಲ್ಲ.

ಅದೇ ವರ್ಷ ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ ಐದೇ ಚಾಟ್‌ಗೆ ಫಾರ್ವರ್ಡ್ ಎಂದು ಮಿತಿ ಹಾಕಿತು. ಈಗ ಬಹಳ ಕೈ ದಾಟಿ ಬಂದ ಮೆಸೇಜಿಗೆ ಎರಡು ಬಾಣದ ಗುರುತು ಇರುತ್ತದೆ. ಹಿರಿಯರಿಗೆ ಆ ಜೋಡಿ ಬಾಣ ಗುರುತಿಸಲು ಕಲಿಸಿ. ಜೋಡಿ ಬಾಣ ಕಂಡರೆ ಸುಳ್ಳು ಅಂತಲ್ಲ. ಕಳಿಸಿದ ಭಾವನಿಗೂ ಅದರ ಮೂಲ ಗೊತ್ತಿಲ್ಲ ಅಂತ.

ಇನ್ನೊಂದು. ಹತ್ತಕ್ಕೆ ಹತ್ತೂ ಸುಳ್ಳೇ ತೋರಿಸಿದಿರಲ್ಲ, ಅದು ಸರಿಯಲ್ಲ. ಅರ್ಧದಷ್ಟು ನಿಜವಾದವೂ ಇರಲಿ. 2024ರ ಆಗಸ್ಟ್‌ನಲ್ಲಿ ಹೊಸಪೇಟೆ ಹತ್ತಿರ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತು. ಸುದ್ದಿ ನಿಜ. ನನ್ನ ಕ್ಲಾಸಿಗೆ ಒಬ್ಬರು ತಂದ ವಿಡಿಯೊ ಮಾತ್ರ ಬೇರೆ ಯಾವುದೋ ಡ್ಯಾಮಿನದು. ಒಂದು ದೃಶ್ಯದ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ (ಚಿತ್ರ ಕೊಟ್ಟರೆ ಅಂಥದೇ ಚಿತ್ರ ಹುಡುಕಿಕೊಡುವ ಆ್ಯಪ್) ಕೊಟ್ಟರೆ ಅದೇ ಚಿತ್ರ ಹಳೇ ತಾರೀಖಿನಲ್ಲಿ ಸಿಕ್ಕಿತು. ನಿಜ ಸುದ್ದಿಗೆ ಸುಳ್ಳು ಚಿತ್ರ. ಹೆಚ್ಚು ಜನ ಎಡವುವುದು ಇಲ್ಲೇ.

ಪ್ರಶ್ನೆ (ಒಬ್ಬ ತಾಯಿ, ಬೆಂಗಳೂರು):
ಸರ್, ನನ್ನ ಮಗನಿಗೆ 15. ಸ್ಕೂಲಲ್ಲಿ ಇಂಥದೇ ಒಂದು ಕಾರ್ಯಾಗಾರ ಆಯಿತು. ಅವತ್ತಿಂದ ಪೇಪರ್ ತೋರಿಸಿದರೂ "ಅಮ್ಮಾ, ಎಲ್ಲಾ ಫೇಕ್" ಅಂತಾನೆ. ಆದರೆ ಒಬ್ಬ ಯೂಟ್ಯೂಬರ್ ಹೇಳಿದ್ದೆಲ್ಲ ಅವನಿಗೆ ವೇದವಾಕ್ಯ!

ಉತ್ತರ:
ಅಮ್ಮಾ, ಸುಳ್ಳು ಮಾತ್ರ ತೋರಿಸಿದರೆ ಆಗುವುದು ಇದೇ. ಯಾವುದನ್ನೂ ನಂಬದವನು ಕೊನೆಗೆ ತನಗೆ ಇಷ್ಟವಾದವನನ್ನು ನಂಬುತ್ತಾನೆ. ಆ ಯೂಟ್ಯೂಬರನ್ನು ಬೈಯಬೇಡಿ, ಸೋತುಹೋಗುತ್ತೀರಿ. ಜೊತೆಗೆ ಕೂತು ಒಂದು ವಿಡಿಯೊ ನೋಡಿ. ಅದರಲ್ಲಿ ಒಂದೇ ಒಂದು ಮಾತು ಆರಿಸಿ, "ಇದನ್ನ ಬೇರೆ ಯಾರು ಹೇಳಿದ್ದಾರೆ, ಐದು ನಿಮಿಷದಲ್ಲಿ ಹುಡುಕು ನೋಡೋಣ" ಅನ್ನಿ. ವಿಡಿಯೊ ಒಳಗೇ ಕೂತು ಯೋಚಿಸಿದರೆ ಉಪಯೋಗವಿಲ್ಲ, ಹೊರಗೆ ಬರಬೇಕು. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2017ರಲ್ಲಿ ಇದನ್ನೇ ತೋರಿಸಿದರು. ಹತ್ತು ಜನ ಇತಿಹಾಸ ಪಂಡಿತರು, ಹತ್ತು ಜನ ಫ್ಯಾಕ್ಟ್ ಚೆಕ್ ಮಾಡುವವರು, 25 ವಿದ್ಯಾರ್ಥಿಗಳು. ಕೆಲವು ವೆಬ್‌ಸೈಟ್ ಕೊಟ್ಟು, ಇವನ್ನು ನಂಬಬಹುದಾ ಅಂತ ಕೇಳಿದರು. ಪಂಡಿತರೂ ವಿದ್ಯಾರ್ಥಿಗಳೂ ಎಷ್ಟೋ ಸಲ ಪುಟದ ಅಂದ, ಲೋಗೊ ನೋಡಿ ಮೋಸ ಹೋದರು. ಫ್ಯಾಕ್ಟ್ ಚೆಕ್‌ನವರು ಬೇಗ ಆ ಪುಟ ಬಿಟ್ಟು, ಇನ್ನೊಂದು ಟ್ಯಾಬ್ ತೆರೆದು, ಇವರು ಯಾರು ಅಂತ ಹುಡುಕಿದರು. ಹೆಣ್ಣು ನೋಡಲು ಹೋಗುವ ಮುಂಚೆ ಪಕ್ಕದ ಮನೆಯವರನ್ನು ವಿಚಾರಿಸಲ್ವಾ, ಹಾಗೇ.

ಪ್ರಶ್ನೆ (ದುಬೈಯಲ್ಲಿ ಕೆಲಸ ಮಾಡುವವರು):
ಅಪ್ಪ ಶಿವಮೊಗ್ಗದಲ್ಲಿ ಒಬ್ಬರೇ ಇದ್ದಾರೆ, 71 ವಯಸ್ಸು. ಪೊಲೀಸ್ ಅಂತ ಹೇಳಿಕೊಂಡು ಫೋನಲ್ಲೇ ಹೆದರಿಸಿ ದುಡ್ಡು ಕೀಳುವ ಈ ಡಿಜಿಟಲ್ ಅರೆಸ್ಟ್ ಭಯ ನಮಗೆ. ದಿನಾ ಫೋನಲ್ಲಿ ಹೇಳುತ್ತೇನೆ. "ನಂಗೆ ಗೊತ್ತು ಬಿಡೋ" ಅಂತಾರೆ.

ಉತ್ತರ:
ಅವರಿಗೆ ಗೊತ್ತು, ನಿಜವಾಗಿಯೂ. ಆದರೆ ಕರೆ ಬಂದಾಗ ಭಯ ಕೆಲಸ ಮಾಡುತ್ತದೆ, ಗೊತ್ತಿರುವುದು ಮಾಡುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿ ಮನ್ ಕೀ ಬಾತ್‌ನಲ್ಲಿ ಕೇಳಿಸಿದ ಇಂಥ ಕರೆ ನಮ್ಮ ವಿಜಯಪುರದವರೊಬ್ಬರಿಗೆ ಬಂದದ್ದೇ. ಡಿಜಿಟಲ್ ಅರೆಸ್ಟ್ ಅನ್ನುವುದು ಕಾನೂನಿನಲ್ಲಿ ಇಲ್ಲವೇ ಇಲ್ಲ. ಅಪ್ಪನ ಹತ್ತಿರ ಇದನ್ನು ಹೇಳಬೇಡಿ, ಆಡಿಸಿ. ಮುಂದಿನ ಕರೆಯಲ್ಲಿ ನೀವೇ ಪೊಲೀಸ್ ಆಗಿ, "ನಿಮ್ಮ ಹೆಸರಲ್ಲಿ ಪಾರ್ಸೆಲ್ ಸಿಕ್ಕಿದೆ" ಅಂತ ಗದರಿಸಿ. ಅವರ ಕೆಲಸ ಒಂದೇ, ಫೋನ್ ಇಡುವುದು. ವಾದ ಮಾಡಬಾರದು, ವಿವರಣೆ ಕೊಡಬಾರದು. ದೊಡ್ಡವರಿಗೆ ಇದೇ ಕಷ್ಟ. ಎದುರಿನವರು ಮಾತಾಡುತ್ತಿರುವಾಗ ಫೋನ್ ಇಡುವುದು ಅಮರ್ಯಾದೆ ಅಂತ ಬೆಳೆದವರು. ಮೂರ್ನಾಲ್ಕು ಸಲ ಆಡಿದರೆ ಕೈಗೆ ರೂಢಿಯಾಗುತ್ತದೆ. ಕ್ಲಾಸಿನಲ್ಲಿ ನಾನು ಇನ್‌ಸ್ಪೆಕ್ಟರ್ ಆಗಿ ಗದರಿದಾಗ ಒಬ್ಬ ಅಜ್ಜಿ "ಒಲೆ ಮೇಲೆ ಹಾಲಿಟ್ಟಿದೀನಿ" ಅಂತ ಇಟ್ಟೇಬಿಟ್ಟರು. ನೂರಕ್ಕೆ ನೂರು ಅಂಕ! ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಆ ನಂಬರನ್ನು ದಪ್ಪಕ್ಷರದಲ್ಲಿ ಬರೆದು ಫೋನ್ ಚಾರ್ಜ್ ಮಾಡುವ ಜಾಗದಲ್ಲಿ ಅಂಟಿಸಿಸಿ. ಇನ್ನೊಂದು ಮುಖ್ಯ. ಮೋಸ ಹೋದರೂ ಬೈಯುವುದಿಲ್ಲ ಅಂತ ಈಗಲೇ ಮಾತು ಕೊಡಿ. ಮಕ್ಕಳು ಬೈತಾರೆ ಅಂತಲೇ ಎಷ್ಟೋ ಜನ ಎರಡು ದಿನ ಬಾಯಿ ಬಿಡುವುದಿಲ್ಲ. ಅಷ್ಟರಲ್ಲಿ ದುಡ್ಡು ಹತ್ತು ಖಾತೆ ದಾಟಿರುತ್ತದೆ.

ಹಾವೇರಿ ಮೇಲ್ವಿಚಾರಕಿ:
ಸರ್, ಅಜ್ಜನ ಮನೆಗೆ ಹೋಗಿ ಬಂದೆ. ಮೊದಲು ಮುಖ ಕೊಡಲಿಲ್ಲ. ಚಹಾ ಬಂತು. ಆಮೇಲೆ ಫೋನ್ ತೆಗೆದು, "ಒಂದು ಮುನ್ನೂರು ಅದಾವ ನೋಡವಾ, ಎಷ್ಟು ಬೇಕು?" ಅಂದರು. ಎಷ್ಟು ತಗೊಳ್ಳಲಿ?

ಉತ್ತರ:
ಐದು ಸಾಕು ಮೇಡಂ. ಆರಿಸುವುದು ಅವರೇ ಆರಿಸಲಿ. ಅದರಲ್ಲಿ ಎರಡಾದರೂ ನಿಜ ಇರಬೇಕು ಅಂತ ಹೇಳಿ. ಯಾವ ಎರಡು ಅಂತ ನಿಮಗೂ ಹೇಳುವುದು ಬೇಡ.