ಚೆನ್ನಾಗಿ ಓದುವವರೂ ಕಾಪಿ ಹೊಡೆಯುವುದು ಯಾಕೆ?

ಕೊನೇ ಬೆಂಚು:
ಓದದವರು ಚೀಟಿ ಇಟ್ಟುಕೊಂಡು ಬಂದರೆ ಅರ್ಥವಾಗುತ್ತದೆ. ಆದರೆ ಕ್ಲಾಸಿಗೇ ಮೊದಲು ಬರುವವರೂ ಲ್ಯಾಬ್ ರೆಕಾರ್ಡನ್ನು ಇನ್ನೊಬ್ಬರದ್ದು ನೋಡಿ ಬರೆಯುತ್ತಾರೆ, ಅಸೈನ್‌ಮೆಂಟನ್ನು ಚಾಟ್‌ಜಿಪಿಟಿಗೆ ಕೊಟ್ಟು ಅದು ಕೊಟ್ಟಿದ್ದನ್ನು ಓದದೇ ಸಬ್ಮಿಟ್ ಮಾಡುತ್ತಾರೆ. ಕೇಳಿದರೆ "ಎಲ್ಲರೂ ಮಾಡ್ತಾರೆ ಬಿಡು" ಅಂತಾರೆ. ಇದು ಮಾರ್ಕ್ಸಿನ ಒತ್ತಡವಾ, ಸ್ವಭಾವವೇ ಹಾಗಾ? ಶಿಕ್ಷೆ ಜೋರು ಮಾಡಿದರೆ ನಿಲ್ಲುತ್ತಾ?

ಹಳೇ ಮೇಷ್ಟ್ರು:
ಆ "ಎಲ್ಲರೂ ಮಾಡ್ತಾರೆ" ಅನ್ನುವುದನ್ನು ಬರೀ ನೆಪ ಅಂದುಕೊಳ್ಳಬೇಡಿ, ಅರ್ಧ ಉತ್ತರ ಅಲ್ಲೇ ಇದೆ. ಅಮೆರಿಕದಲ್ಲಿ ವಿಲಿಯಂ ಬೋವರ್ಸ್ 1964ರಲ್ಲಿ 99 ಕಾಲೇಜುಗಳ 5,000ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಕೇಳಿದಾಗ, ಸುಮಾರು ಮುಕ್ಕಾಲು ಪಾಲು ಜನ ಒಂದಲ್ಲ ಒಂದು ರೀತಿ ಮೋಸ ಮಾಡಿದ್ದೇವೆ ಅಂತ ಒಪ್ಪಿಕೊಂಡಿದ್ದರು. ಆಗ ಮೊಬೈಲೂ ಇರಲಿಲ್ಲ, ಇಂಟರ್ನೆಟ್ಟೂ ಇರಲಿಲ್ಲ! ಆಮೇಲೆ ಡೊನಾಲ್ಡ್ ಮೆಕೇಬ್ ಮತ್ತು ಲಿಂಡಾ ಟ್ರೆವಿನೋ 1993ರಲ್ಲಿ ನೋಡಿದಾಗ ಶಿಕ್ಷೆಯ ಭಯಕ್ಕೂ ಒಂದಿಷ್ಟು ಪಾತ್ರ ಇತ್ತು, ಆದರೆ ಎಲ್ಲಕ್ಕಿಂತ ಜಾಸ್ತಿ ಸಂಬಂಧ ಕಂಡಿದ್ದು ಜೊತೆಯವರು ಏನು ಮಾಡುತ್ತಿದ್ದಾರೆ ಅನ್ನುವುದಕ್ಕೆ. ಪಕ್ಕದವನು ಕಾಪಿ ಹೊಡೆದು ಜಾಸ್ತಿ ಮಾರ್ಕ್ಸ್ ತೆಗೆದರೆ ಪ್ರಾಮಾಣಿಕವಾಗಿ ಬರೆದವನಿಗೆ ತಾನೇ ಪೆದ್ದ ಅನಿಸುತ್ತದೆ, ಅಲ್ವಾ?

ಸ್ವಭಾವದ ಬಗ್ಗೆ: 1928ರಲ್ಲಿ ಹಾರ್ಟ್ಸ್‌ಹಾರ್ನ್ ಮತ್ತು ಮೇ ಸಾವಿರಾರು ಶಾಲಾಮಕ್ಕಳನ್ನು ಪರೀಕ್ಷಿಸಿದ್ದರು. ಒಂದು ಕಡೆ ಮೋಸ ಮಾಡಿದ ಮಗು ಇನ್ನೊಂದು ಕಡೆ ಮಾಡದೇ ಇರುತ್ತಿತ್ತು. ಸಂದರ್ಭ ಬದಲಾದರೆ ನಡತೆಯೂ ಬದಲು.

ಇಂಟರ್ನಲ್ಸ್ ಕಾಟ:
ಮೇಷ್ಟ್ರೇ, ನಿಮ್ಮ ಕಡೆಯವರನ್ನೂ ಸ್ವಲ್ಪ ಕೇಳಿ. ಪ್ರತಿ ವರ್ಷ ಅದೇ ಪ್ರಶ್ನೆ, ಅದೇ ಅಸೈನ್‌ಮೆಂಟ್, ಕೊಟ್ಟಿದ್ದನ್ನು ಓದದೇ ಟಿಕ್ ಹಾಕಿ ವಾಪಸ್ ಕೊಡುವುದು. ನೀವೇ ಓದದ ಮೇಲೆ ನಾವು ಯಾಕೆ ಕೂತು ಬರೆಯಬೇಕು ಅನ್ನುವುದು ತಪ್ಪಾದರೂ ಹುಡುಗರ ಲೆಕ್ಕ ಅದೇ. ಒಂದೇ ವಾರದಲ್ಲಿ ನಾಲ್ಕು ಸಬ್ಮಿಷನ್ ಇಟ್ಟರೆ ಅರ್ಥ ಮಾಡಿಕೊಂಡು ಬರೆಯಲು ಟೈಮಾದರೂ ಎಲ್ಲಿದೆ?

ಸುಮ್ನೆ ಬಂದೆ:
"ನಾನು ಮೋಸ ಮಾಡುವುದಿಲ್ಲ" ಅಂತ ಪೇಪರಿನ ಮೇಲ್ಗಡೆ ಸಹಿ ಹಾಕಿಸಿದರೆ ಕಡಿಮೆಯಾಗುತ್ತೆ ಅಂತ ಎಲ್ಲೋ ಓದಿದ್ದೆ.

ಹಳೇ ಮೇಷ್ಟ್ರು:
ಆ 2012ರ ಸಂಶೋಧನೆಯನ್ನು 2021ರಲ್ಲಿ ವಾಪಸ್ ಪಡೆದರು. ಅದರಲ್ಲಿದ್ದ ಒಂದು ಪ್ರಯೋಗದ ಅಂಕಿಅಂಶವೇ ಸುಳ್ಳು ಸೃಷ್ಟಿ ಅಂತ ಗೊತ್ತಾಯಿತು. ಪ್ರಾಮಾಣಿಕತೆಯ ಬಗ್ಗೆ ಬರೆದ ಲೇಖನದಲ್ಲೇ! ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ 1893ರಲ್ಲಿ ಶುರುವಾದ ಆನರ್ ಕೋಡ್, ಅಂದರೆ ಮೋಸ ಮಾಡುವುದಿಲ್ಲ ಅಂತ ವಿದ್ಯಾರ್ಥಿಗಳೇ ಮಾತು ಕೊಡುವ ಪದ್ಧತಿ, ಬರೀ ಸಹಿಯಲ್ಲ. ಪರೀಕ್ಷೆಗೆ ಕಾವಲು ತೆಗೆದು, ಜವಾಬ್ದಾರಿಯನ್ನು ಹುಡುಗರ ಕೈಗೇ ಕೊಟ್ಟರು.

ಇಂಟರ್ನಲ್ಸ್ ಕಾಟ ಹೇಳಿದ್ದು ಸರಿ. ಪ್ರಶ್ನೆ ಬದಲಾಯಿಸಿ, ಬರೆದುಕೊಟ್ಟವರನ್ನು ಕರೆದು ಐದು ನಿಮಿಷ ವೈವಾ ಮಾಡಿ. ಚಾಟ್‌ಜಿಪಿಟಿ ಬರೆದಿದ್ದು ಅಲ್ಲೇ ಗೊತ್ತಾಗುತ್ತದೆ.

ಕೊನೇ ಬೆಂಚು:
ಕ್ಲಾಸಲ್ಲಿ ನೂರು ಜನ ಇದ್ದರೆ ಎಲ್ಲರಿಗೂ ವೈವಾ ಆಗುತ್ತಾ ಸಾರ್?

ಹಳೇ ಮೇಷ್ಟ್ರು:
ಎಲ್ಲರಿಗೂ ಬೇಡ, ಹತ್ತು ಜನ ಸಾಕು. ಯಾವ ಹತ್ತು ಅಂತ ಮಾತ್ರ ಮೊದಲೇ ಹೇಳಬಾರದು.