ಸಹಾಯ ಬೇಕು: ವಯನಾಡಿಗೆ ಆಫೀಸಿನಲ್ಲಿ ಹಣ ಸೇರಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. 2024ರ ಜುಲೈ 30ರ ನಸುಕಿನಲ್ಲಿ ಕೇರಳದ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆ ಕಡೆ ಗುಡ್ಡ ಕುಸಿದಿದ್ದು ಗೊತ್ತೇ ಇದೆ. ಮೈಸೂರಿನವರಾದ ನಮಗೆ ವಯನಾಡು ಪಕ್ಕದ ಜಿಲ್ಲೆ ಇದ್ದ ಹಾಗೆ.

ನಮ್ಮ ಆಫೀಸಿನಲ್ಲಿ 40 ಜನ ಇದ್ದೇವೆ. ಒಂದು ದಿನದ ಸಂಬಳ ಕೊಡೋಣ ಅಂದರೆ ಹೌಸ್‌ಕೀಪಿಂಗ್‌ನವರಿಗೆ, ಹೊಸದಾಗಿ ಸೇರಿದ ಹುಡುಗರಿಗೆ ಕಷ್ಟ, ಎಲ್ಲರ ಮುಂದೆ ಇಲ್ಲ ಅನ್ನಲೂ ಆಗುವುದಿಲ್ಲ ಅಲ್ವಾ. ಅದಕ್ಕೆ ಶುಕ್ರವಾರ ಮನೆಯಿಂದ ಚಿತ್ರಾನ್ನ, ಕೋಡುಬಳೆ ತಂದು ಮಾರೋಣ, ಪಕ್ಕದಲ್ಲಿ ಮುಚ್ಚಿದ ಡಬ್ಬಿ ಇಡೋಣ, ಯಾರು ಎಷ್ಟು ಹಾಕಿದರು ಅಂತ ಯಾರಿಗೂ ತಿಳಿಯಬಾರದು ಅಂತ ಯೋಚನೆ. ಹಳೇ ಬಟ್ಟೆ ಮಾತ್ರ ಬೇಡವೇ ಬೇಡ, ಸುಮ್ನೆ ಲಾರಿ ಖರ್ಚು. ಬಂದದ್ದೆಲ್ಲ ಕೇರಳ ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಕಟ್ಟಿ ರಸೀದಿ ನೋಟಿಸ್ ಬೋರ್ಡಿಗೆ ಅಂಟಿಸುತ್ತೇವೆ.

ಹೀಗೆ ಮಾಡಿದವರು ಇದ್ದೀರಾ? ಕಂಪನಿಯೂ ಅಷ್ಟೇ ಮೊತ್ತ ಸೇರಿಸಲಿ ಅಂತ ಎಚ್‌ಆರ್‌ಗೆ ಹೇಗೆ ಕೇಳಿದಿರಿ?