ಐದು ತಿಂಗಳ ಮಗು ರಾತ್ರಿ ಮಲಗಲ್ಲ, ಗಂಡ ಏಳಲ್ಲ. ಏನು ಮಾಡಲಿ?

ನಿದ್ದೆಗೆಟ್ಟ ಅಮ್ಮ, ಬೆಂಗಳೂರು

ಮಗಳಿಗೆ ಈಗ ಐದು ತಿಂಗಳು. ಬಾಣಂತನ ಮುಗಿಸಿಕೊಂಡು ತುಮಕೂರಿನಿಂದ ಇಲ್ಲಿಗೆ ಬಂದಾಗಿನಿಂದ ಕತ್ತಲಾದರೆ ಭಯ ಆಗುತ್ತದೆ. ಅಲ್ಲಿ ಅಮ್ಮ ಇದ್ದರು. ರಾತ್ರಿ ಮಗು ಎದ್ದರೆ ಅವರೇ ಎತ್ತಿಕೊಂಡು, ಹಾಲು ಕುಡಿಸಲು ಮಾತ್ರ ನನ್ನ ಕೈಗೆ ಕೊಡುತ್ತಿದ್ದರು. ಇಲ್ಲಿ ನಾನೊಬ್ಬಳೇ. ಒಂಬತ್ತಕ್ಕೆ ಮಲಗುತ್ತಾಳೆ, ಹತ್ತೂವರೆಗೆ ಒಮ್ಮೆ ಎದ್ದಳು ಅಂದರೆ ಆಮೇಲೆ ಬೆಳಗಿನವರೆಗೂ ಗಂಟೆಗೊಮ್ಮೆ. ಎತ್ತಿಕೊಂಡು ಓಡಾಡುತ್ತಲೇ ಇರಬೇಕು, ಕೂತರೆ ಅವಳಿಗೆ ಗೊತ್ತಾಗಿಬಿಡುತ್ತದೆ. ತೊಟ್ಟಿಲಿಗೆ ಹಾಕಲು ಬಗ್ಗಿದರೆ ಬೆನ್ನು ತಾಗುವ ಮೊದಲೇ ಕಣ್ಣು ಬಿಡುತ್ತಾಳೆ.

ನಮ್ಮವರು "ನಾಳೆ ಬೆಳಗ್ಗೆ ಮೀಟಿಂಗ್ ಇದೆ" ಅಂತ ಒಂದು ದಿನ ಪಕ್ಕದ ರೂಮಿಗೆ ಹೋದವರು ಅಲ್ಲೇ ಉಳಿದರು. ಬಾಗಿಲು ಹಾಕಿಕೊಂಡು ಮಲಗುತ್ತಾರೆ. ಕೇಳಿದರೆ "ಹಾಲು ಕೊಡೋಳು ನೀನು, ನಾನು ಎದ್ದು ಏನು ಮಾಡಲಿ? ನೀನು ಮನೇಲೇ ಇರ್ತೀಯಲ್ಲ, ಹಗಲು ಮಲಗು" ಅಂತಾರೆ. ಹಗಲು ಅವಳು ಅರ್ಧ ಗಂಟೆ ಮಲಗಿದರೆ ಅಷ್ಟರಲ್ಲಿ ಬಟ್ಟೆ, ಪಾತ್ರೆ, ಅಡುಗೆ. ಅತ್ತೆ ಫೋನ್ ಮಾಡಿದಾಗೆಲ್ಲ ನಿನ್ನ ಹಾಲು ಸಾಲುತ್ತಿಲ್ಲ, ರಾಗಿ ಸರಿ ಶುರು ಮಾಡು, ಜಾಯಿಕಾಯಿ ತೇಯ್ದು ನೆಕ್ಕಿಸು ಅಂತಾರೆ. 26 ವಾರದ ರಜೆ ಮುಗಿಯುತ್ತಾ ಬಂತು, ಈ ತಲೆ ಇಟ್ಟುಕೊಂಡು ಕೆಲಸಕ್ಕೆ ಹೇಗೆ ಹೋಗಲಿ?

ಮೊನ್ನೆ ನಡುರಾತ್ರಿ ಅವಳನ್ನು ತೊಟ್ಟಿಲಲ್ಲಿ ಬಿಟ್ಟು, ಬಾತ್‌ರೂಮಿಗೆ ಹೋಗಿ, ಅಳು ಕೇಳಿಸದಿರಲಿ ಅಂತ ನಲ್ಲಿ ತಿರುಗಿಸಿಕೊಂಡು ನಿಂತಿದ್ದೆ. ಇದನ್ನು ಯಾರಿಗೂ ಹೇಳಿಲ್ಲ.

ಇಬ್ಬರ ತಾಯಿ, ಹುಬ್ಬಳ್ಳಿ

ತಂಗಿ, ಮೊದಲು ಆ ಕೊನೆಯ ಮಾತಿಗೆ ಬರುತ್ತೇನೆ. ಸಿಟ್ಟು, ಅಳು ಮಿತಿ ಮೀರಿದಾಗ ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಐದು ಹತ್ತು ನಿಮಿಷ ಆಚೆ ಹೋಗಿ ಅಂತ ಮಕ್ಕಳ ಡಾಕ್ಟರೇ ಹೇಳುತ್ತಾರೆ. ಆ ಹೊತ್ತಲ್ಲಿ ಕೈ ತಪ್ಪಿ ಮಗುವನ್ನು ಜೋರಾಗಿ ಅಲುಗಾಡಿಸಿದರೆ ಮಿದುಳಿಗೇ ಪೆಟ್ಟಾಗುತ್ತದೆ. ನೀನು ಮಾಡಿದ್ದು ಸರಿಯಾಗಿಯೇ ಇದೆ.

ಹಾಲು ಸಾಲುತ್ತಿಲ್ಲ ಅನ್ನುವುದನ್ನು ನಿದ್ದೆ ನೋಡಿ ಹೇಳಲು ಆಗಲ್ಲ. ದಿನಕ್ಕೆ ಆರು ಸಲವಾದರೂ ಉಚ್ಚೆ ಮಾಡುತ್ತಾಳಾ? ತೂಕ ಏರುತ್ತಿದೆಯಾ? ಹಾಗಿದ್ದರೆ ಹಾಲು ಸಾಕಾಗುತ್ತಿದೆ. ನಾಲ್ಕು ತಿಂಗಳ ಆಸುಪಾಸಿನಲ್ಲಿ ಮಕ್ಕಳ ನಿದ್ದೆಯ ರೀತಿಯೇ ಬದಲಾಗುತ್ತದೆ. ಗಂಟೆಯೊಳಗೆ ಒಂದು ಸುತ್ತು ಮುಗಿದು ಅರೆ ಎಚ್ಚರ ಆಗುತ್ತದೆ. ಓಡಾಡಿಸುತ್ತಾ ಮಲಗಿಸಿದ ಮಗು ಆಗ ಕಣ್ಣು ಬಿಟ್ಟು, ಮತ್ತೆ ಓಡಾಡಿಸು ಅನ್ನುತ್ತದೆ. ಅದಕ್ಕೇ ಕಣ್ಣು ತೂಗುತ್ತಿರುವಾಗಲೇ, ಪೂರ್ತಿ ನಿದ್ದೆ ಹತ್ತುವ ಮೊದಲೇ ತೊಟ್ಟಿಲಿಗೆ ಹಾಕಿ ಎದೆ ಮೇಲೆ ಕೈ ಇಟ್ಟುಕೊಂಡು ಕೂತು ನೋಡು. ಮೊದಲ ಕೆಲವು ದಿನ ಅಳುತ್ತಾಳೆ. ಅಂಥ ಹೊತ್ತಲ್ಲಿ ಎತ್ತಿಕೋ, ಸಮಾಧಾನ ಮಾಡು, ಮತ್ತೆ ಹಾಕು. ಈ ವಯಸ್ಸಿಗೆ ತುಂಬಾ ಹೊತ್ತು ಒಂದೇ ಸಮನೆ ಎಚ್ಚರ ಇದ್ದರೆ ಸುಸ್ತು ಹೆಚ್ಚಾಗಿ ನಿದ್ದೆ ಇನ್ನೂ ಹಾಳು. ಸಂಜೆ ಬೆಚ್ಚಗಿನ ಸ್ನಾನ, ಮಂದ ಬೆಳಕು, ದಿನವೂ ಅದೇ ಜೋಗುಳ. ಭಾಳ ಸಣ್ಣ ಸಂಗತಿ ಅನಿಸಬಹುದು, ಆದರೆ ಮಗುವಿಗೆ ರಾತ್ರಿ ಆಯಿತು ಅಂತ ಗೊತ್ತಾಗುವುದೇ ಇದರಿಂದ.

ಜಾಯಿಕಾಯಿ ಬೇಡವೇ ಬೇಡ. ಅದು ಜಾಸ್ತಿ ಆದರೆ ವಿಷ, ಕಲ್ಲಿನ ಮೇಲೆ ತೇಯ್ದಾಗ ಎಷ್ಟು ಹೋಯಿತು ಅಂತ ಯಾರಿಗೂ ಗೊತ್ತಾಗಲ್ಲ. ಜೇನು ಸಹ ಒಂದು ವರ್ಷದವರೆಗೆ ಬೇಡ. ರಾಗಿ ಸರಿ ಆರು ತಿಂಗಳಿಗೆ ಕೊಡು, ಅದು ಊಟ, ನಿದ್ದೆ ಮದ್ದಲ್ಲ. ಜ್ವರ ಇದ್ದರೆ, ಕಿವಿ ಎಳೆದುಕೊಂಡು ಚೀರುತ್ತಿದ್ದರೆ, ಹಾಲು ಬಿಟ್ಟರೆ ಡಾಕ್ಟರಿಗೆ ತೋರಿಸು.

ಶಿವಮೊಗ್ಗದ ಅಪ್ಪ

ಗಂಡಸಾಗಿ ಹೇಳುತ್ತೇನೆ, "ಹಾಲು ಕೊಡೋಳು ನೀನು" ಅನ್ನುವ ಮಾತಿಗೆ ಅರ್ಥವಿಲ್ಲ. ಹಾಲು ಕುಡಿಯುವುದು ಹೆಚ್ಚೆಂದರೆ ಇಪ್ಪತ್ತು ನಿಮಿಷ. ತೇಗು ಬರಿಸುವುದು, ಬಟ್ಟೆ ಬದಲಿಸುವುದು, ಹೆಗಲ ಮೇಲೆ ಹಾಕಿಕೊಂಡು ಹಾಲ್‌ನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲ್‌ಗೆ ತಿರುಗುವುದು, ಇದಕ್ಕೆಲ್ಲ ಎದೆಹಾಲು ಬೇಕಾಗಿಲ್ಲ.

ನಮ್ಮಲ್ಲಿ ಬಾಣಂತನಕ್ಕೆ ಹೆಂಡತಿ ತವರಿಗೆ ಹೋಗುತ್ತಾಳೆ. ಅವಳಿಗೆ ಅದು ಬೇಕು, ಬೇಡ ಅನ್ನಲ್ಲ. ಆದರೆ ಮಗುವನ್ನು ಎತ್ತಿ ಆಡಿಸಿ ಕೈ ಪಳಗಬೇಕಾದ ತಿಂಗಳುಗಳಲ್ಲೇ ಅಪ್ಪ ಶನಿವಾರ ಬಸ್ಸು ಹತ್ತಿ ಹೋಗಿ, ಮಗುವಿನ ಮುಖ ನೋಡಿ, ಭಾನುವಾರ ಸಂಜೆ ವಾಪಸ್ ಬರುವ ನೆಂಟ ಆಗಿರುತ್ತಾನೆ. ಕೇಂದ್ರ ಸರ್ಕಾರಿ ನೌಕರನಿಗೆ 15 ದಿನ ಪಿತೃತ್ವ ರಜೆ ಇದೆ. ಖಾಸಗಿ ಕಂಪನಿಯವರಿಗೆ ಕಾನೂನಿನ ಪ್ರಕಾರ ಅದೂ ಇಲ್ಲ, ಕಂಪನಿ ಕೊಟ್ಟರೆ ಉಂಟು. ಹಾಗಾಗಿ ಮಗು ಮನೆಗೆ ಬಂದಾಗ ಅವನಿಗೆ ಕತ್ತು ಹಿಡಿಯುವುದಕ್ಕೂ ಭಯ. ಆ ಭಯವನ್ನು ಕೆಲವರು ಮೀಟಿಂಗ್ ಹೆಸರಲ್ಲಿ ಮುಚ್ಚಿಡುತ್ತಾರೆ.

ನಮ್ಮ ಮನೆಯಲ್ಲಿ ರಾತ್ರಿಯನ್ನೇ ಭಾಗ ಮಾಡಿಕೊಂಡೆವು. ಒಂಬತ್ತರಿಂದ ಒಂದೂವರೆ ನನ್ನದು, ಆಮೇಲೆ ಅವಳದು. ಅವಳು ಹಾಲು ಹಿಂಡಿಟ್ಟು ಬೇರೆ ರೂಮಿನಲ್ಲಿ ಮಲಗುತ್ತಿದ್ದಳು. ನಾಲ್ಕು ಗಂಟೆ ಒಟ್ಟಿಗೆ ನಿದ್ದೆ ಸಿಕ್ಕಿದರೆ ಮನುಷ್ಯರು ಬೇರೆಯೇ ಆಗುತ್ತಾರೆ. ಹಿಂಡಿದ ಹಾಲು ಹೊರಗೆ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ ಇರುತ್ತದೆ. ಬೇಸಿಗೆಯಲ್ಲಾದರೆ ಹೊರಗೆ ಇಡಲೇಬೇಡಿ. ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಬೆಚ್ಚಗೆ ಮಾಡಬೇಕು, ಮೈಕ್ರೋವೇವ್ ಬೇಡ.

ನಡುರಾತ್ರಿ ಈ ಮಾತು ಎತ್ತಬೇಡಿ. ರಜೆ ದಿನ ಬೆಳಗ್ಗೆ ತಿಂಡಿ ಆದಮೇಲೆ ಕೂರಿಸಿಕೊಂಡು ಹೇಳಿ. "ಸ್ವಲ್ಪ ಸಹಾಯ ಮಾಡಿ" ಅಂದರೆ ಏನೂ ಆಗಲ್ಲ, "ಒಂಬತ್ತರಿಂದ ಒಂದರವರೆಗೆ ಮಗು ನಿಮ್ಮದು" ಅಂತ ಹೊತ್ತು ಹೇಳಿ. ಆಮೇಲೆ ಅಳು ಕೇಳಿದರೂ ಓಡಿ ಬರಬೇಡಿ. ಅದು ಕಷ್ಟ ಅಂತ ಗೊತ್ತು, ಆದರೆ ನೀವು ಬಂದು ಎತ್ತಿಕೊಂಡರೆ ಅವರು ಕಲಿಯುವುದಿಲ್ಲ.

ಉಡುಪಿಯಿಂದ

ಮೇಲಿನ ಅಣ್ಣ ಹೇಳಿದ್ದರಲ್ಲಿ ಒಂದಕ್ಕೆ ನನ್ನ ಒಪ್ಪಿಗೆ ಇಲ್ಲ. ಭಯ ಇದ್ದವರು ಬಾಗಿಲು ಹಾಕಿಕೊಳ್ಳುವುದಿಲ್ಲ, ಹೇಗೆ ಎತ್ತಿಕೊಳ್ಳಬೇಕು ಅಂತ ಕೇಳುತ್ತಾರೆ. ನಿದ್ದೆಯಿಲ್ಲದೆ ಒದ್ದಾಡುತ್ತಿರುವವಳೇ ಗಂಡನಿಗೂ ಕಲಿಸಬೇಕು, ಒಳ್ಳೆ ಹೊತ್ತು ನೋಡಿ ಮಾತಾಡಬೇಕು ಅಂದರೆ ಅದು ಇನ್ನೊಂದು ಕೆಲಸ ಆಯಿತು ಅಲ್ವಾ? ಒಮ್ಮೆ ಸ್ಪಷ್ಟವಾಗಿ ಹೇಳಿ. ಆಗಲೂ ಏಳದಿದ್ದರೆ ಅಮ್ಮನನ್ನು ಕರೆಸಿಕೊಳ್ಳಿ, ಇಲ್ಲವೇ ತುಮಕೂರಿಗೇ ಹೋಗಿ ಸ್ವಲ್ಪ ದಿನ ಇರಿ. ಪಾತ್ರೆ ಬಟ್ಟೆಗೆ ಜನ ಇಡಿ, ಆ ದುಡ್ಡು ಅವರ ಸಂಬಳದಿಂದಲೇ ಹೋಗಲಿ.

ಇನ್ನೊಂದು ಮಾತು. ಹೆರಿಗೆ ಆದ ಮೊದಲ ಎರಡು ವಾರ ಸುಮ್‌ಸುಮ್ನೆ ಅಳು ಬರುವುದು ಮಾಮೂಲಿ. ಐದು ತಿಂಗಳಾದ ಮೇಲೂ ಕತ್ತಲಾದರೆ ಭಯ ಅಂತೀರಿ, ಅದನ್ನು ಬರೀ ಸುಸ್ತು ಅಂತ ಬಿಡಬೇಡಿ. ಮಗು ಮಲಗಿದಾಗಲೂ ನಿಮಗೆ ನಿದ್ದೆ ಬರುವುದಿಲ್ಲವಾ? ಮಗುವನ್ನು ನೋಡಿದರೆ ಏನೂ ಅನಿಸುವುದಿಲ್ಲವಾ? ಹಾಗಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನೀವು ಬೆಂಗಳೂರಿನಲ್ಲೇ ಇದ್ದೀರಿ, ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗೆ ಇಟ್ಟುಕೊಂಡು ನೋಡುವ ವಾರ್ಡೇ 2009ರಿಂದ ಇದೆ. ಹಾಲು ಕುಡಿಸುವವರಿಗೆ ಕೊಡಬಹುದಾದ ಔಷಧಿಗಳೂ ಇವೆ, ಔಷಧಿ ತಗೊಂಡರೆ ಹಾಲು ಕುಡಿಸಬಾರದು ಅನ್ನುವ ಹೆದರಿಕೆಯಿಂದ ತಡ ಮಾಡಬೇಡಿ. ನಿಮಗೋ ಮಗುವಿಗೋ ಏನಾದರೂ ಮಾಡಿಬಿಡುತ್ತೇನೆ ಅನ್ನುವ ಯೋಚನೆ ಬಂದರೆ ಬೆಳಗಾಗುವವರೆಗೆ ಕಾಯಬೇಡಿ, ಆ ಬಾಗಿಲು ತಟ್ಟಿ ಎಬ್ಬಿಸಿ, ಆಗಲೇ ಆಸ್ಪತ್ರೆಗೆ ಹೋಗಿ.

ನಿದ್ದೆಗೆಟ್ಟ ಅಮ್ಮ, ಬೆಂಗಳೂರು

ಎಲ್ಲ ಓದಿದೆ, ಓದುತ್ತಾ ಅತ್ತೆ. ಅಂಥ ಯೋಚನೆ ಬಂದಿಲ್ಲ, ಆದರೆ ಮಗು ಮಲಗಿದಾಗಲೂ ನಿದ್ದೆ ಬರುವುದಿಲ್ಲ ಅನ್ನುವುದು ನಿಜ. ಮಧ್ಯಾಹ್ನ 14416ಕ್ಕೆ ಮಾಡಿದೆ. ಮಾತಾಡಿದವರು ಆತುರ ಮಾಡದೆ ಪೂರ್ತಿ ಕೇಳಿಸಿಕೊಂಡರು, ಡಾಕ್ಟರಿಗೆ ತೋರಿಸಿ ಅಂದರು, ಹೋಗುತ್ತೇನೆ. ಅಮ್ಮನಿಗೂ ಹೇಳಿದೆ, ಭಾನುವಾರ ಬರುತ್ತಾರಂತೆ. ಇವರ ಹತ್ತಿರ ಶನಿವಾರ ಮಾತಾಡುತ್ತೇನೆ. ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ.

ಶಿವಮೊಗ್ಗದವರಿಗೆ ಒಂದು ಪ್ರಶ್ನೆ, ಹಾಲು ಹಿಂಡಲು ಪಂಪ್ ಬೇಕೇ ಬೇಕಾ? ಇವಳು ಬಾಟಲಿ ಬಾಯಿಗಿಟ್ಟರೆ ಉಗಿಯುತ್ತಾಳೆ.

ಶಿವಮೊಗ್ಗದ ಅಪ್ಪ

ಉಡುಪಿಯವರು ಹೇಳಿದ್ದು ಸರಿ, ಕಲಿಸುವ ಹೊರೆ ನಿಮ್ಮ ಮೇಲೆ ಬರಬಾರದು. ಬೇಕಾದರೆ ನಾನು ಬರೆದಿದ್ದನ್ನು ಅವರಿಗೇ ತೋರಿಸಿ.

ಪಂಪ್ ಬೇಕಿಲ್ಲ, ಕೈಯಲ್ಲೇ ಆಗುತ್ತದೆ. ಬೆಳಗಿನ ಹೊತ್ತು ಹಾಲು ಜಾಸ್ತಿ ಇರುತ್ತದೆ, ಅವಳು ಕುಡಿದಾದ ಮೇಲೆ ಕೈ ತೊಳೆದುಕೊಂಡು, ಕುದಿಸಿ ಆರಿಸಿದ ಸ್ಟೀಲ್ ಬಟ್ಟಲಿಗೆ ಹಿಂಡಿ, ಮುಚ್ಚಿ ಫ್ರಿಜ್ಜಿನ ಒಳಗಡೆ ಇಡಿ, ಬಾಗಿಲ ಹತ್ತಿರ ಬೇಡ. ಬಾಟಲಿ ಬೇಡ ಅಂದರೆ ಒಳಲೆಯಲ್ಲಿ, ಅಂದರೆ ಮೂತಿಯಿರುವ ಪುಟ್ಟ ಬಟ್ಟಲಿನಲ್ಲಿ, ಕುಡಿಸಬಹುದು. ತಲೆ ಸ್ವಲ್ಪ ಎತ್ತಿ ಹಿಡಿದು, ತುಟಿಗೆ ತಾಗಿಸಿ, ಅವಳೇ ಎಳೆದುಕೊಳ್ಳುವಷ್ಟು ಮಾತ್ರ ಬಗ್ಗಿಸಬೇಕು, ಸುರಿಯಬಾರದು. ಅದನ್ನು ನಿಮ್ಮವರ ಕೈಗೇ ಕೊಟ್ಟು ಮೊದಲು ಹಗಲಲ್ಲಿ ಮಾಡಿಸಿ. ರಾತ್ರಿಗೆ ಧೈರ್ಯ ಇರುತ್ತದೆ.